ಶೇವಂತಿಯ ಉಡಿ

ಅಜವಾನ ಮತ್ತು ಇಂಗು ಒಟ್ಟಿಗೆ ಕುದಿಯುವ ವಾಸನೆ ನನಗೆ ಆಗಿಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವು ಬಂದರೆ ಸೊಸೆ ಅದನ್ನೇ ಕುದಿಯಲು ಇಡುತ್ತಾಳೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. "ಅತ್ತೀ, ಇದು ಔಷಧ ಐತ್ರೀ, ವಿಷ ಅಲ್ಲ" ಎಂದು ಅವಳು ನಗುತ್ತಾಳೆ. ನಗಲಿ ಪಾಪ, ಅವಳಿಗೇನು ಗೊತ್ತು! ಆ ವಾಸನೆ ಮೂಗಿಗೆ ಬಡಿದರೆ ಸಾಕು, ಇಷ್ಟು ವರ್ಷವಾದ ಮೇಲೂ ನಾನು ಮತ್ತೆ ಚಿಕ್ಕ ಹುಡುಗಿಯಾಗುತ್ತೇನೆ. ಹುನ್ನೂರಿನ ನಮ್ಮ ಮನೆಯ ಮುಂದೆ ನಿಂತು, ಒಂದು ಕುದುರೆಯ ಬಾಲದ ಕಡೆಗೇ ಕಣ್ಣು ನೆಟ್ಟು ಕಾಯುತ್ತಿದ್ದೇನೆ ಅನ್ನಿಸುತ್ತದೆ.

ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆಯ ಮನೆ ಅದು. ಹೊಸ್ತಿಲು ದಾಟಿದರೆ ಎಡಕ್ಕೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಬಲಕ್ಕೆ ಒಂದು ಮೆಟ್ಟಿಲು ಮೇಲೆ ನಾವು ಉಣ್ಣುವ, ಮಲಗುವ ಪಡಸಾಲೆ. ನಡುವೆ ಗೋಡೆ ಇರಲಿಲ್ಲ. ಎಮ್ಮೆಯ ಉಸಿರು, ನೆನೆಹಾಕಿದ ಕಡಲೆಯ ಹಸಿ ವಾಸನೆ, ಹಗ್ಗದ ವಾಸನೆ ಎಲ್ಲ ನಮ್ಮ ಹಾಸಿಗೆಯವರೆಗೂ ಬರುತ್ತಿದ್ದವು. ಆ ತಗ್ಗಿನಲ್ಲಿ, ಬೆಳಕಿಂಡಿಯ ಕೆಳಗೆ ಶೇವಂತಿ ನಿಲ್ಲುತ್ತಿದ್ದಳು. ಪೂರ್ತಿ ಬಿಳಿಯಲ್ಲ, ಪೂರ್ತಿ ಹಳದಿಯಲ್ಲ, ಶೇವಂತಿಗೆ ಹೂವಿನ ಬಣ್ಣದ ಹೆಣ್ಣು ಕುದುರೆ. ಹುಟ್ಟಿದ ಕೂಡಲೇ ತಾಯಿಯನ್ನು ಕಳೆದುಕೊಂಡ ಆ ಮರಿಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಮ್ಮೆಯ ಹಾಲು ಕುಡಿಸಿ ಬದುಕಿಸಿದ್ದಳು. ಹಾಗಾಗಿ ಆಯಿಯ ಎದುರಿಗೆ ಶೇವಂತಿಯನ್ನು ಕುದುರೆ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. "ಕುದರಿ ಗಿದರಿ ಅಂದ್ರ ನಾಲಿಗಿ ಕಿತ್ತೇನು. ನನ್ನ ಕಡೇ ಮಗಳು ಆಕಿ" ಎಂದು ಗದರುತ್ತಿದ್ದಳು. ಶರ್ಯತ್ತಿನಲ್ಲಿ, ಅಂದರೆ ಕುದುರೆಗಾಡಿಗಳ ಓಟದ ಪಂದ್ಯದಲ್ಲಿ, ಶೇವಂತಿಯ ಗಾಡಿ ಹೊಡೆಯುತ್ತಿದ್ದವನು ಮಾಳಪ್ಪ ಕಾಕಾ, ಆಯಿಯ ಕಿರಿಯ ಮಗ. ಅವನು ಹೆಣ್ಣು ನೋಡಲು ಹೋದ ಮನೆಯಲ್ಲೂ ಬರೀ ಶೇವಂತಿಯದೇ ಮಾತಾಡಿ ಬಂದನಂತೆ. "ಇವರ ಮನ್ಯಾಗ ಮೊದಲ ಒಬ್ಬಾಕಿ ಇದಾಳಲ್ರೀ" ಎಂದು ಹೆಣ್ಣಿನ ಕಡೆಯವರು ನಕ್ಕು ಕಳಿಸಿದ್ದರು. ನಿಮ್ಮ ಮನೆಯಲ್ಲೂ ಇಂಥ ಒಂದು ಜೀವ ಇದ್ದಿರಬಹುದು, ಮನುಷ್ಯರೆಲ್ಲ ಅದರ ಸುತ್ತಲೇ ಬದುಕಿದ್ದಿರಬಹುದು. ಇದ್ದಿದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ, ಎಲ್ಲೇ ಗಾಡಿ ಶರ್ಯತ್ತು ಇರಲಿ, ಶೇವಂತಿ ಬರುತ್ತಾಳೆಂದರೆ ಮಂದಿ ರಸ್ತೆಯ ಎರಡೂ ಬದಿ ಮರ ಹತ್ತಿ ಕೂಡುತ್ತಿದ್ದರು. ಗಂಡಸರಿಗೆ ಅದು ಓಟದ ಹುಚ್ಚು. ಆದರೆ ರಬಕವಿಯ ನೇಕಾರ ಹೆಂಗಸರಿಗೆ ಅವಳ ಮೇಲಿದ್ದ ಪ್ರೀತಿಯೇ ಬೇರೆ. ಮಗ್ಗದ ಪಕ್ಕದ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ಅವಳ ಫೋಟೋ ಹಾಕಿಕೊಂಡಿದ್ದರು. ಅವರೆಲ್ಲರ ಮುಂದಾಳು ಗಂಗವ್ವ. ಸೀರೆ ನೇಯುವ ಕೈ, ಮಗ್ಗದ ಸದ್ದನ್ನೂ ಮೀರಿಸುವ ಬಾಯಿ. ಬನಹಟ್ಟಿಯ ಶರ್ಯತ್ತು ಗೆದ್ದು ಗಾಡಿ ಮರಳುವಾಗ ನಟ್ಟನಡುರಸ್ತೆಯಲ್ಲಿ ಅಡ್ಡ ನಿಂತು, ಶೇವಂತಿಯ ಹಣೆಗೆ ಕುಂಕುಮ ಹಚ್ಚಿ, "ಗಂಡಕುದರಿಗೋಳ ಮಾರಿಗೆ ಧೂಳ ಹಾರಿಸಿದಿ ನೋಡ ನನ್ನವ್ವಾ! ನಮ್ಮ ಕೈಲಿ ಆಗಲಾರದ್ದು ನೀ ಮಾಡಿದಿ" ಎಂದು ಕುದುರೆಯ ಕುತ್ತಿಗೆ ತಬ್ಬಿಕೊಂಡು ಅತ್ತವಳು ಅವಳೇ.

ಜನ ಹೀಗೆ ಮೆರೆಸಿದಷ್ಟೂ ಆಯಿಗೆ ಹೆದರಿಕೆ ಹೆಚ್ಚುತ್ತಿತ್ತು. ಆಯಿಯ ಹೆದರಿಕೆ ನನಗೂ ಅಂಟಿತ್ತು. "ಕಲ್ಲೇಟು ತಪ್ಪಸಬೌದು, ಕಣ್ಣೇಟು ತಪ್ಪಸಾಕ ಆಗಂಗಿಲ್ಲ" ಎನ್ನುತ್ತ ಪ್ರತಿ ಶರ್ಯತ್ತಿನ ನಂತರ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮಗುವಿನ ಕೊರಳಿಗೆ ಕಟ್ಟಲಿಕ್ಕೆಂದು ಶೇವಂತಿಯ ಬಾಲದ ಕೂದಲು ಕಿತ್ತುಕೊಳ್ಳಲು ಬರುವವರನ್ನು ನಾನು ಕಸಬರಿಗೆ ಹಿಡಿದು ಓಡಿಸುತ್ತಿದ್ದೆ. "ಹುಡಿಗಿ ಅಲ್ಲೋ ಇದು, ಪೊಲೀಸ ಐತಿ" ಎಂದು ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಶರ್ಯತ್ತಿನ ದಿನ ಗಾಡಿಯ ಗೆಜ್ಜೆಯ ಸದ್ದು ಊರ ಬಾಗಿಲಲ್ಲಿ ಕೇಳುವವರೆಗೆ ನಾನು ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ಕಾಲು ಮುರಿದರೆ? ಗಾಡಿ ಮಗುಚಿದರೆ? ಸೋತವರು ಸಿಟ್ಟಿನಿಂದ ಏನಾದರೂ ತಿನ್ನಿಸಿಬಿಟ್ಟರೆ? ಎಲ್ಲ ಕೇಡನ್ನೂ ಮೊದಲೇ ಯೋಚಿಸಿಟ್ಟರೆ ಅದು ಬರುವುದಿಲ್ಲ ಎಂದುಕೊಂಡಿದ್ದೆ. ಪ್ರೀತಿ ಮಾಡುವವರ ಕೈಯ ಬಗ್ಗೆ ಮಾತ್ರ ಯೋಚಿಸಿರಲಿಲ್ಲ.

ಮುಧೋಳದ ದೊಡ್ಡ ಶರ್ಯತ್ತಿನ ಹಿಂದಿನ ದಿನ ಕಾಕಾ ಗಾಡಿಯ ಗಾಲಿಗೆ ಕಬ್ಬಿಣದ ಹಳಿ ಬಿಗಿಸಲು ಜಮಖಂಡಿಗೆ ಹೋಗಿದ್ದ. ಬೆಳಗಿನ ಬಿಸಿಲು ಏರುವಷ್ಟರಲ್ಲಿ ಮನೆಯ ಮುಂದೆ ಒಂದು ಟೆಂಪೋ ಬಂದು ನಿಂತಿತು. ಹಾಡು ಹೇಳುತ್ತ ಇಳಿದವರು ರಬಕವಿಯ ಹೆಂಗಸರು. ಗಂಗವ್ವನ ಕೈಯಲ್ಲಿ ಹೊಚ್ಚಹೊಸ ಹಸಿರು ಸೀರೆ. ಅವಳೇ ಶೇವಂತಿಯ ಹೆಸರಿನಲ್ಲಿ ನೇಯ್ದದ್ದು.

"ಮಗಳು ನಾಳೆ ಮುಧೋಳಕ್ಕ ಹೊಂಟಾಳ. ಬರಿ ಉಡಿಲೇ ಕಳಸೂದೇನ್ ಆಯೀ? ಉಡಿ ತುಂಬಾಕ ಬಂದೇವ್ರೀ" ಎಂದಳು.

ಆಯಿಯ ಕಣ್ಣು ತುಂಬಿಬಂದವು. ತನ್ನ ಮಗಳು ಎಂದು ಇಷ್ಟು ದಿನ ತಾನೊಬ್ಬಳೇ ಹೇಳುತ್ತಿದ್ದುದನ್ನು ಈಗ ಊರಿನ ಆಚೆಯವರು ಬಂದು ಹೇಳುತ್ತಿದ್ದರು. ಶೇವಂತಿಯನ್ನು ಅಂಗಳಕ್ಕೆ ತಂದು, ಕಾಲು ತೊಳೆದು, ಕೊರಳಿಗೆ ದಂಡೆ ಹಾಕಿದರು. ಬೆನ್ನ ಮೇಲೆ ಸೀರೆ ಹೊದಿಸಿ, ಸೆರಗನ್ನು ಜೋಳಿಗೆಯ ಹಾಗೆ ಹಿಡಿದು, ಅದರಲ್ಲಿ ಗೋಧಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಬೆಲ್ಲದ ಅಚ್ಚು ತುಂಬಿದರು. ತವರಿಗೆ ಬಂದ ಮಗಳಿಗೆ ಮಾಡುವುದೆಲ್ಲವನ್ನೂ ಮಾಡಿದರು. ಶೇವಂತಿ ಕಿವಿ ಆಡಿಸುತ್ತ ನಿಂತಿದ್ದಳು. ನಿಜ ಹೇಳುತ್ತೇನೆ, ಅವಳಷ್ಟು ಚೆಂದದ ಹೆಣ್ಣನ್ನು ನಾನು ಆಮೇಲೆ ಯಾವ ಮದುವೆಯಲ್ಲೂ ನೋಡಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಇದೆ. ಉಡಿಗೆ ತುಂಬಿದ್ದನ್ನು ಬೇಡ ಎನ್ನಬಾರದು, ಬೇರೆಯವರಿಗೆ ದಾಟಿಸಬಾರದು. ಯಾರ ಉಡಿಗೆ ಬಿತ್ತೋ ಅವಳೇ ಉಣ್ಣಬೇಕು. "ಉಡಿ ಗೋದಿ ಆಕೀನ ತಿನ್ನಬೇಕಲ್ರೀ" ಎಂದು ಗಂಗವ್ವ ಒಂದು ಬೊಗಸೆ ಗೋಧಿಗೆ ಬೆಲ್ಲ ಸೇರಿಸಿ ಶೇವಂತಿಯ ಬಾಯಿಗೆ ಹಿಡಿದಳು. ಶರ್ಯತ್ತಿನ ಕುದುರೆಗೆ ಕಾಕಾ ನೆನೆಹಾಕಿದ ಕಡಲೆಯನ್ನು ಅಳೆದು ಇಡುತ್ತಿದ್ದ. ಹೊಟ್ಟೆಯಲ್ಲಿ ಉಬ್ಬುತ್ತದೆಂದು ಗೋಧಿಯನ್ನು ಹತ್ತಿರವೂ ತರುತ್ತಿರಲಿಲ್ಲ. ಆಯಿಗೆ ಅದು ಗೊತ್ತಿತ್ತು. "ಒಂದ ಬೊಗಸಿ ಸಾಕ್ ಬೇ, ಮಾಳ್ಯಾ ಮನ್ಯಾಗ ಇಲ್ಲ" ಎಂದು ಮೆಲ್ಲಗೆ ಅಂದಳು. ಅಷ್ಟರಲ್ಲಿ ಇನ್ನೊಬ್ಬಳು ಕೈ ಚಾಚಿದ್ದಳು. "ಗಂಗಕ್ಕಂದು ತಿಂದ್ಲು, ನಂದ್ಯಾಕ ಬ್ಯಾಡ್ರೀ?" ಒಬ್ಬಳಿಗೆ ಮಕ್ಕಳಾಗಿರಲಿಲ್ಲ, ಒಬ್ಬಳ ಗಂಡ ಹಾಸಿಗೆ ಹಿಡಿದಿದ್ದ, ಒಬ್ಬಳ ಮಗಳು ತವರಿಗೆ ಬಂದು ಕುಳಿತಿದ್ದಳು. ಒಬ್ಬೊಬ್ಬರ ಬೊಗಸೆಯಲ್ಲೂ ಗೋಧಿಯ ಜೊತೆ ಒಂದೊಂದು ಬೇಡಿಕೆ. ಯಾರ ಕೈಯನ್ನು ಹಿಂದಕ್ಕೆ ತಳ್ಳುವುದು? ಆಯಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಶೇವಂತಿ ಎಲ್ಲರ ಕೈಯನ್ನೂ ನೆಕ್ಕಿ ನೆಕ್ಕಿ ತಿಂದಳು. ಮೇಲೆ ಬಕೆಟ್ ನೀರು ಕುಡಿದಳು.

ಮಧ್ಯಾಹ್ನ ಹೆಂಗಸರು ಬುತ್ತಿ ಬಿಚ್ಚಿ ಉಂಡು ಬೇವಿನ ಮರದ ಕೆಳಗೆ ಅಡ್ಡಾಗಿದ್ದರು. ನಾನು ಎಂದಿನಂತೆ ಶೇವಂತಿಯ ಕಾವಲಿಗೆ ಕುಳಿತಿದ್ದೆ. ಅವಳು ನೊಣ ಓಡಿಸುವುದನ್ನು ಬಿಟ್ಟಿದ್ದಳು. ಕುತ್ತಿಗೆ ಹೊರಳಿಸಿ ತನ್ನ ಪಕ್ಕೆಯನ್ನೇ ನೋಡುವಳು, ಮುಂಗಾಲಿನಿಂದ ನೆಲ ಕೆರೆಯುವಳು, ಮತ್ತೆ ಪಕ್ಕೆ ನೋಡುವಳು. ನಾನು ಒಳಗೆ ಓಡಿದೆ. "ಆಯೀ, ಶೇವಂತಿ ತನ್ನ ಹೊಟ್ಟಿ ನೋಡ್ಕೊಳ್ಳಾಕತ್ತಾಳ." ಆಯಿ ಕೈಯಲ್ಲಿದ್ದ ತಾಟನ್ನು ಅಲ್ಲೇ ಬಿಟ್ಟು ಎದ್ದಳು. ಹೊರಗೆ ಬಂದು ನೋಡುವಾಗ ಶೇವಂತಿ ನೆಲಕ್ಕೆ ಕುಸಿದಿದ್ದಳು, ಮೈಯೆಲ್ಲ ಬೆವರಿ ಬಣ್ಣವೇ ಕಪ್ಪಾಗಿತ್ತು. ಉರುಳಾಡಲು ಬಿಟ್ಟರೆ ಕರುಳು ತಿರುಚಿಕೊಳ್ಳುತ್ತದೆ ಎಂದು ಎಲ್ಲರೂ ಸೇರಿ ಹಗ್ಗ ಎಳೆದು ಎಬ್ಬಿಸಿದರು. ಆಯಿ ದೊಡ್ಡ ಬೋಗುಣಿಯಲ್ಲಿ ಅಜವಾನ, ಇಂಗು ಕುದಿಸಿ ಬಿದಿರಿನ ಗೊಟ್ಟದಿಂದ ಅವಳ ಗಂಟಲಿಗೆ ಹಾಕಿದಳು. ಅರ್ಧ ಒಳಗೆ ಹೋಯಿತು, ಅರ್ಧ ನನ್ನ ಲಂಗದ ಮೇಲೆ ಚೆಲ್ಲಿತು.

"ನಮ್ಮ ಗೋದಿ ಆಗಿಬರಲಿಲ್ಲೇನ್ರೀ ಆಯೀ?" ಗಂಗವ್ವನ ಆ ದೊಡ್ಡ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ.

"ಛೀ, ಏನ್ ಮಾತಾಡ್ತಿ! ಬಿಸಲ ಬಡದೈತಿ" ಎಂದಳು ಆಯಿ, ಅವಳ ಮುಖ ನೋಡದೆ.

ಕಾಕಾ ಬಂದವನು ನೆಲದ ಮೇಲೆ ಚೆಲ್ಲಿದ್ದ ಗೋಧಿ ಕಾಳು ನೋಡಿದ, ಆಯಿಯನ್ನು ನೋಡಿದ. ಹಗ್ಗ ತೆಗೆದುಕೊಂಡು ಶೇವಂತಿಯನ್ನು ಮನೆಯೆದುರಿನ ಬೀರಪ್ಪನ ಗುಡಿಯ ಸುತ್ತ ನಡೆಸತೊಡಗಿದ. ಪಕ್ಕದ ಮನೆಯವರು ಮೋಟರ್‌ಸೈಕಲ್ ಮೇಲೆ ಜಮಖಂಡಿಯ ದನದ ಡಾಕ್ಟರನ್ನು ಕರೆತಂದರು. ಅವರು ಮೂಗಿನಿಂದ ನಳಿಗೆ ಇಳಿಸಿ ಎಣ್ಣೆ ಹಾಕಿದರು, ಸೂಜಿ ಚುಚ್ಚಿದರು. "ಕುದರಿಗೆ ಕಾರಿಕೊಳ್ಳಾಕ ಬರೂದಿಲ್ರೀ. ಒಳಗ ಹೋಗಿದ್ದು ಕೆಳಗ ಇಳೀಬೇಕು. ಲದ್ದಿ ಹಾಕಿದ್ರ ಉಳೀತಾಳ" ಎಂದರು. ಆ ಮಾತು ಹೇಗೆ ಹಬ್ಬಿತೋ, ಸೈಕಲ್ ಮೇಲೆ, ಬಸ್ಸಿನಲ್ಲಿ ಮಂದಿ ಬರತೊಡಗಿದರು. ಮಗ್ಗ ಬಂದ್ ಮಾಡಿ ಬಂದವರು, ಬೀಳಗಿಯಿಂದ ಬಂದವರು, ಶೇವಂತಿಗೆ ಸೋತ ಗಾಡಿಗಳವರೂ ಬಂದರು. ಎಲ್ಲರ ಕಣ್ಣೂ ಅವಳ ಬಾಲದ ಮೇಲೆ. ಬಾಲ ಸ್ವಲ್ಪ ಎತ್ತಿದರೆ ಗುಂಪಿಗೆ ಗುಂಪೇ ಉಸಿರು ಹಿಡಿಯುವುದು, ಇಳಿಸಿದರೆ ಬಿಡುವುದು. "ರಾಜಾ ಬರ್ತಾನಂದ್ರೂ ಇಷ್ಟ ಮಂದಿ ಹಿಂಗ ಕಾದಿರಲಿಕ್ಕಿಲ್ಲಪಾ" ಎಂದು ಒಬ್ಬ ಮುದುಕ ಅಂದ. ಒಂದಿಬ್ಬರು ನಕ್ಕರು, ನಕ್ಕಿದ್ದಕ್ಕೆ ತಾವೇ ನಾಚಿಕೊಂಡರು. ಗಂಗವ್ವ ಗುಡಿಯ ಹೊಸ್ತಿಲಿಗೆ ಹಣೆ ಹಚ್ಚಿದವಳು ಏಳಲೇ ಇಲ್ಲ. ಬಾಲ ಎಷ್ಟೋ ಸಲ ಎದ್ದಿತು, ಎಷ್ಟೋ ಸಲ ಇಳಿಯಿತು.

ಹೊತ್ತು ಮುಳುಗುವ ಸ್ವಲ್ಪ ಮೊದಲು ಶೇವಂತಿ ತಟ್ಟನೆ ನಿಂತಳು. ಕೆರೆಯುವುದು ನಿಂತಿತು. ಪಕ್ಕೆ ನೋಡುವುದು ನಿಂತಿತು. ನಿಧಾನಕ್ಕೆ ಬಂದು ಆಯಿಯ ಹೆಗಲ ಮೇಲೆ ಗಲ್ಲ ಇಟ್ಟಳು.

"ಬ್ಯಾನಿ ನಿಂತ್ವು! ಯವ್ವಾ, ನಿಂತ್ವು ನೋಡ್ರೇ!" ಗಂಗವ್ವ ಎದ್ದು ಕೂಗಿದಳು. ಗುಂಪು ಹೋ ಎಂದಿತು. ಯಾರೋ ಗುಡಿಯಿಂದ ಭಂಡಾರ ತಂದು ಎರಚಿದರು. ಅಂಗಳ, ತಲೆಗಳು, ಶೇವಂತಿಯ ಬೆನ್ನು ಎಲ್ಲ ಹಳದಿಯಾದವು. ಲದ್ದಿಯ ಮಾತನ್ನು ಎಲ್ಲರೂ ಮರೆತಿದ್ದರು. ನಾನು ಮರೆತಿರಲಿಲ್ಲ.

ಡಾಕ್ಟರು ಅವಳ ಕಿವಿ ಮುಟ್ಟಿದರು, ತುಟಿ ಎತ್ತಿ ಒಸಡು ನೋಡಿದರು. ಆಯಿಯನ್ನೂ ಕಾಕಾನನ್ನೂ ಗೋಡೆಯ ಮರೆಗೆ ಕರೆದರು. ನಾನು ಆಯಿಯ ಸೆರಗು ಬಿಟ್ಟಿರಲಿಲ್ಲ. "ಒಳಗ ಹೊಟ್ಟಿ ಒಡದೈತ್ರೀ. ಅದಕ್ಕ ಬ್ಯಾನಿ ನಿಂತೈತಿ. ಇನ್ನ ಭಾಳ ಹೊತ್ತಿಲ್ಲ" ಎಂದರು.

ಕಾಕಾ ಗುಂಪಿನ ಕಡೆಗೆ ತಿರುಗಿದ. "ಹೇಳೇ ಬಿಡ್ತೀನಿ ಇವರಿಗೆ. ನಿಮ್ಮ ಪ್ರೀತಿಗೆ ಬೆಂಕಿ ಹಚ್ರಿ ಅಂತ ಹೇಳ್ತೀನಿ."

ಆಯಿ ಅವನ ರಟ್ಟೆ ಹಿಡಿದಳು. "ಸುಮ್ಮನಿರ್ ಲೇ. ಹೋಗೂದು ಒಂದ ಜೀವ ಹೋಗ್ಲಿ. ಆ ಗಂಗವ್ವಗ ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾಳ."

ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಗಂಗವ್ವ ಬಂದು ಆಯಿಯ ಕೈ ಹಿಡಿದು, "ನಾಳೆ ಓಡ್ತಾಳಲ್ರೀ?" ಎಂದಳು.

"ನಾಳೆ ಬ್ಯಾಡ ಬೇ, ದಣದಾಳ. ಮುಂದಿನ ಸಲ ಓಡ್ತಾಳ. ನೀವು ಕತ್ತಲಾಗೂದ್ರಾಗ ಹೋಗಿ ಮುಟ್ರಿ."

ಸೋಬಾನ ಹಾಡುತ್ತ ಹೋದರು ಅವರು. ಟೆಂಪೋ ಊರ ತಿರುವು ದಾಟುವವರೆಗೂ ಆ ಹಾಡು ಕೇಳುತ್ತಿತ್ತು. ಅದು ಮರೆಯಾಗಿ, ಉಳಿದ ಮಂದಿಯೂ ಚದುರಿದ ಮೇಲೆ ಶೇವಂತಿ ಮುಂಗಾಲು ಮಡಚಿ, ದೇವರ ಮುಂದೆ ಕೂಡುವವರ ಹಾಗೆ ಮೆಲ್ಲಗೆ ಕುಳಿತಳು, ಆಮೇಲೆ ಪಕ್ಕಕ್ಕೆ ಒರಗಿದಳು. ಆಯಿ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಜೀವ ಹೋದ ಮೇಲೂ ಕಿವಿಯ ಹಿಂದೆ ಕೆರೆಯುತ್ತಲೇ ಇದ್ದಳು. ಮರುದಿನ ಕೇಳಿದವರಿಗೆಲ್ಲ ರಾತ್ರಿ ಹಾವು ಕಡಿಯಿತು ಎಂದು ಹೇಳಿದಳು. ಮನೆಯವರೆಲ್ಲ ಅದನ್ನೇ ಹೇಳಿದೆವು. ಕಾಕಾ ಮತ್ತೆ ಕುದುರೆ ಕಟ್ಟಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಓಡಿಸಿದ, ಮಾತು ಕಡಿಮೆ ಮಾಡಿದ. ಆಯಿ ಹೋದಳು, ಕಾಕಾನೂ ಹೋದ. ಮಾಳಿಗೆ ಮನೆ ಇಳಿಸಿ ಸಿಮೆಂಟಿನ ಮನೆ ಕಟ್ಟಿದ್ದಾರೆ. ಕುದುರೆ ನಿಲ್ಲುತ್ತಿದ್ದ ತಗ್ಗು ಎಲ್ಲಿತ್ತು ಎಂದು ನನಗೇ ಈಗ ಗುರುತು ಸಿಗುವುದಿಲ್ಲ.

ಮಗನ ಮದುವೆಯ ಸೀರೆಗೆಂದು ರಬಕವಿಗೆ ಹೋದಾಗ ಗಂಗವ್ವನನ್ನು ಕೊನೆಯ ಸಲ ಕಂಡೆ. ಈಗ ಅವಳೂ ಇಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಗ ಅವಳ ಕಣ್ಣು ಮಂದವಾಗಿದ್ದವು. ನನ್ನ ಗುರುತು ಹೇಳಿದ ಕೂಡಲೇ ಆ ಹಾವಿಗೆ ಶಾಪ ಹಾಕತೊಡಗಿದಳು, ನಿನ್ನೆ ನಡೆದದ್ದೇನೋ ಅನ್ನುವ ಹಾಗೆ. ಶಾಪ ಹಾಕಿ ದಣಿದ ಮೇಲೆ, "ಆದ್ರ ಒಂದ ಸಮಾಧಾನ ನೋಡ್ ತಂಗಿ. ನಮ್ಮ ಮಗಳು ಬರಿ ಉಡಿಲೇ ಹೋಗಲಿಲ್ಲ. ನನ್ನ ಕೈಯಾರೆ ತಿನಸೇನಿ ಆಕಿಗೆ" ಎಂದಳು.

"ಹೌದ್ರೀ" ಎಂದೆ. "ಹೊಟ್ಟಿ ತುಂಬ ತಿಂದಿದ್ಲು." ಮಗ್ಗ ಎಳೆದು ಎಳೆದು ಒರಟಾಗಿದ್ದ ಆ ಕೈಯನ್ನು ಹಿಡಿದುಕೊಂಡು, ಅವಳು ನಗುವವರೆಗೂ ಅಲ್ಲೇ ಕುಳಿತಿದ್ದೆ.