ಒಂದೇ ಕೊಬ್ಬರಿಯ ಎರಡು ಹೋಳು

ಅರಸೀಕೆರೆ ಸ್ಟೇಷನ್ನಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ, ಖುಷಿಗೆ ಕೈ ನಿಲ್ಲುತ್ತಿಲ್ಲ! ಹಳೇಬೀಡು ನೋಡಲು ಬಂದ ವಿದೇಶದ ಹೆಂಗಸೊಬ್ಬಳು ನಮ್ಮ ಬೆಂಚಿನಲ್ಲಿ ಅಳುತ್ತಿದ್ದಳು. ಅವಳ ಗೆಳತಿ ದೂರದಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು. ಮೊಮ್ಮಗಳು ಚೈತ್ರ ವಿಚಾರಿಸಿದಾಗ ಅಳುತ್ತಿದ್ದವಳು ‘ಫೆಲ್ ಔಟ್’ ಎಂದಳು.

‘ಫೆಲ್’ ಅಂದರೆ ಬಿದ್ದದ್ದು ಎಂದಷ್ಟೇ ಗೊತ್ತಿದ್ದ ನಾನು, “ಎಲ್ಲಿ ಬಿದ್ಲಂತೆ?” ಎಂದೆ.

“ಬಿದ್ದಿಲ್ಲ ಕಣಜ್ಜಿ. ಇಬ್ರಿಗೂ ಜಗಳ ಆಗೈತೆ ಅಂತ. ಇವ್ರು ಒಬ್ರೇ ಬೆಂಗಳೂರು ರೈಲು ಹತ್ತಿ ಹೋಗ್ಬಿಡ್ತಾರಂತೆ.”

“ಓ, ನಾವು ಮಾತು ಬಿಟ್ಟವ್ರೆ ಅಂತೀವಲ್ಲ, ಹಂಗೆ! ಆವಮ್ಮನ್ನೂ ಕರಿಯೇ.”

ನಮ್ಮ ಮನೆಯಲ್ಲಿ ಓರಗಿತ್ತಿಯರು ಮುನಿಸಿಕೊಂಡರೆ ಒಂದೇ ಕೊಬ್ಬರಿಯ ಎರಡು ಹೋಳನ್ನು ಬೆಲ್ಲದ ಜೊತೆ ಇಬ್ಬರಿಗೂ ಕೊಡುತ್ತೇವೆ. ತಿಂದ ಮೇಲೆ ಯಾರು ಮೊದಲು ಮಾತಾಡಿದರೂ ಸೋಲಲ್ಲ. ಚೈತ್ರ ಗೆಳತಿಯನ್ನೂ ಕರೆತಂದಳು; ಚೀಲದಲ್ಲಿದ್ದ ಕೊಬ್ಬರಿಯನ್ನು ಕಲ್ಲುಬೆಂಚಿಗೆ ಕುಟ್ಟಿ ಎರಡು ಮಾಡಿ, ಬೆಲ್ಲದ ಜೊತೆ ಇಬ್ಬರ ಕೈಗೂ ಕೊಟ್ಟೆ. ಚೈತ್ರ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಮಾತು ಇಂಗ್ಲಿಷಾಗಿ ಹೋಗಿದ್ದನ್ನು ಕಿವಿಯಾರೆ ಕೇಳಿದೆ!

ಗೆಳತಿಯರು ಅಗಿದರು, ಅಗಿದೇ ಅಗಿದರು. ಕೊಬ್ಬರಿ ಬೇಗ ಮುಗಿಯುವ ಪದಾರ್ಥವಲ್ಲ. ಬೆಂಗಳೂರು ರೈಲು ಬಂತು, ಯಾರೂ ಏಳಲಿಲ್ಲ. ಅದು ಹೊರಟ ಮೇಲೆ ಅಳುತ್ತಿದ್ದವಳು ಬಾಯ್ತುಂಬ ಕೊಬ್ಬರಿ ಇಟ್ಟುಕೊಂಡೇ ಗೆಳತಿಗೆ ಏನೋ ಅಂದಳು.

“ಏನಂತೇ?”

“‘ಬೆಲ್ಲ ನಿಂಗೇ ಜಾಸ್ತಿ ಕೊಟ್ಟವ್ರೆ’ ಅಂತ, ಅಜ್ಜಿ.”