ಗವಿ ಮೊದಲು ಕಂಡವಳು

ಹೊಳೆದಂಡೆಯ ಗವಿ ಹನುಮಂತಮ್ಮನ ಕಣ್ಣಿಗೆ ಬಿದ್ದದ್ದು ಅವಳು ಮದುವೆಯಾಗಿ ಬಂದ ವರ್ಷ. ತಪ್ಪಿಸಿಕೊಂಡ ಮೇಕೆಯನ್ನು ಹುಡುಕುತ್ತ ಹೋದವಳಿಗೆ, ಬಂಡೆಗಳ ನಡುವೆ ತುಂಗಭದ್ರೆಯೇ ಕೊರೆದ ಪಡಸಾಲೆಯಂಥ ಜಾಗ ಸಿಕ್ಕಿತ್ತು. ಹತ್ತು ವರ್ಷದ ಮೇಲೆ ಮೈದುನನ ಹೆಂಡತಿಯಾಗಿ ಸವಳಂಗದಿಂದ ನಾಗರತ್ನ ಬಂದಾಗ, ಕೈಹಿಡಿದು ಕರೆದೊಯ್ದು ತೋರಿಸಿದವಳೂ ಇವಳೇ.

ಈಗ ಭಾನುವಾರ ಬಂದರೆ ಅಲ್ಲಿ ಕಾರುಗಳ ಸಾಲು. ಯಾರೋ ಮೊಬೈಲಿನಲ್ಲಿ ವಿಡಿಯೊ ಹಾಕಿದ್ದೇ ನೆಪ. ಓದು ಬಲ್ಲವಳು, ಮಾತುಗಾರ್ತಿ ಎಂದು ಜನರನ್ನು ಒಳಗೆ ಕರೆದೊಯ್ಯುವ ಕೆಲಸ ನಾಗರತ್ನಳಿಗೆ ಸಿಕ್ಕಿತು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟಾರ್ಚು. ಹನುಮಂತಮ್ಮ ಗವಿಗಿಳಿಯುವ ಮೆಟ್ಟಿಲ ಬಳಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತ ಕೂತಳು. ಆ ಚೀಟಿ ಕಂಡಾಗಲೆಲ್ಲ ಅವಳಿಗೆ ಎಣ್ಣೆ ಕಾಯಿಸಲೂ ಮನಸ್ಸು ಬಾರದು.

"ಈ ಗವೀನ ಮೊದ್ಲು ಕಂಡೋಳು ನಾನೇ ರೀ" ಎಂದು ನಾಗರತ್ನ ಜನರಿಗೆ ಹೇಳಿದ್ದು ಒಂದು ದಿನ ಕಿವಿಗೆ ಬಿತ್ತು. ಹನುಮಂತಮ್ಮ ತಟ್ಟನೆ ಎದ್ದಳು. ಬಾಣಲೆ ಇಳಿಸಿ ಅವರ ಹಿಂದೆಯೇ ಒಳಗೆ ನಡೆದಳು.

"ಬಂಡೆ ಸಂದಿ ಆಚೆಗಿನ ಗೂಡು ಯಾಕೆ ತೋರ್ಸಲ್ಲ? ದಾರಿ ಗೊತ್ತಿಲ್ಲೇನು?" ಎಂದು ಎಲ್ಲರೆದುರು ಕೇಳಿದಳು.

"ಸಂದಿ ಸಣ್ಣದೈತೆ ಅಕ್ಕ. ಹೋಗಾಕೆ ಆಗಲ್ಲ."

"ನಿಂಗೆ ಆಗಲ್ಲ ಅನ್ನು."

ಸೆರಗು ಸಿಕ್ಕಿಸಿ ಸಂದಿಗೆ ನುಗ್ಗಿದಳು. ಹಿಂದೆ ಅಲ್ಲಿ ನುಸುಳಿದ್ದು ಹದಿನೆಂಟರ ಮೈ, ಈಗಿನದು ಐವತ್ತರದು. ಸೊಂಟ ಸಿಕ್ಕಿಕೊಂಡಿತು. ಹಿಂದೆ ಯಾರೋ ಕಿಸಕ್ಕೆಂದರು. ನಾಗರತ್ನ ನಗಲಿಲ್ಲ. ಜಾರಲೆಂದು ಬಂಡೆಗೆ ನೀರೆರಚಿ, "ಉಸಿರು ಬಿಡು ಅಕ್ಕ, ಪೂರ್ತಿ ಬಿಡು" ಎನ್ನುತ್ತ, ತನ್ನ ಮೊಣಕೈ ತರಚಿಕೊಂಡು ಅವಳನ್ನು ಎಳೆದು ತೆಗೆದಳು. ಆಮೇಲೆ ಜನರ ಕಡೆ ತಿರುಗಿ, "ನಾನು ಹೇಳಿದ್ದು ಸುಳ್ಳು. ಮೊದ್ಲು ಕಂಡಿದ್ದು ನಮ್ಮಕ್ಕ" ಎಂದಳು.

ಹನುಮಂತಮ್ಮ ಬಯಸಿದ್ದು ಆ ಮಾತನ್ನೇ. ಆದರೆ ಅದು ಸಿಕ್ಕಿದ ರೀತಿ ಅವಳಿಗೆ ಇನ್ನಷ್ಟು ಚುಚ್ಚಿತು.

ಅಂದಿನಿಂದ ನಾಗರತ್ನ ಪ್ರತಿ ಗುಂಪಿಗೂ ಅಕ್ಕನ ಕಥೆ ಹೇಳುತ್ತಾಳೆ. ಜನ ಮೇಲೆ ಬಂದು ಹನುಮಂತಮ್ಮನ ಜೊತೆ ಫೋಟೊ ತೆಗೆಸಿಕೊಂಡು, "ಹೆಂಗೆ ಕಂಡ್ರಿ, ನೀವೇ ಹೇಳ್ರಿ" ಎನ್ನುತ್ತಾರೆ.

"ಹೋದೆ, ಸಿಕ್ತು" ಎನ್ನುತ್ತಾಳೆ. ಅಷ್ಟಕ್ಕೇ ಕಥೆ ಮುಗಿಸಿ ಬಾಣಲೆಯತ್ತ ತಿರುಗುತ್ತಾಳೆ. ಅವರು "ಒಳಗೆ ಆ ಮೇಡಂ ಎಷ್ಟು ಚೆಂದ ಹೇಳಿದ್ರು" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಕಾರಿನತ್ತ ಹೋಗುತ್ತಾರೆ.