ಅಣಕು ನ್ಯಾಯಾಲಯದಲ್ಲಿ ಮಾಳಪ್ಪ ಕಾಕಾನ ಆಣೆ

ಗೆಳೆಯರೇ, ಚಿಕ್ಕೋಡಿ ಹತ್ತಿರ ನಾನು ಪಾಠ ಮಾಡುವ ಹೊಸ ಕಾನೂನು ಕಾಲೇಜಿಗೆ ಇನ್ನೊಂದು ಬ್ಯಾಚ್ ಕೊಡಬಹುದೇ ಎಂದು ನೋಡಲು ಇವತ್ತು ವಿಶ್ವವಿದ್ಯಾಲಯದ ಸಮಿತಿ ಬಂದಿತ್ತು. ಅವರೆದುರು ನಮ್ಮ ವಿದ್ಯಾರ್ಥಿಗಳು ಅಣಕು ನ್ಯಾಯಾಲಯ ನಡೆಸಿದರು. ಕುರಿ ಕಳವಿನ ಪ್ರಕರಣ. ಸಹಜವಾಗಿರಲಿ ಎಂದು ಯಡೂರಿನ ಕುರಿಗಾಹಿ ಮಾಳಪ್ಪ ಕಾಕಾರನ್ನೇ ಸಾಕ್ಷಿಯಾಗಿ ಕರೆತಂದಿದ್ದರು.

ಪ್ರಮಾಣ ಮಾಡಿ ಅಂದಾಗ ಕಾಕಾ ಚಪ್ಪಲಿ ಕಳಚಿಟ್ಟು, ಯಡೂರಿನ ಗುಡಿಯ ದಿಕ್ಕಿಗೆ ತಿರುಗಿ, ಊರ ದೇವರು ವೀರಭದ್ರನ ಆಣೆ ಮಾಡಿದರು.

ಸರ್ಕಾರಿ ವಕೀಲೆಯ ಪಾತ್ರದಲ್ಲಿದ್ದ ವಿದ್ಯಾರ್ಥಿನಿ ಕೇಳಿದಳು: "ಈ ಆರೋಪಿ ಕುರಿ ಕದ್ದದ್ದನ್ನು ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ರಿ. ಈ ತಮ್ಮನ್ನ ನಾ ಇವತ್ತ ಮೊದಲ ನೋಡಾಕತ್ತೀನಿ."

ಅವಳು ಹತ್ತಿರ ಹೋಗಿ ಪಿಸುಗುಟ್ಟಿದಳು: "ಕಾಕಾ, ನೋಡೀನಿ ಅನ್ರಿ ಅಂತ ನಿನ್ನೆ ಹೇಳಿಕೊಟ್ಟಿದ್ವಲ್ಲರಿ."

"ಆಣಿ ಮಾಡಸೂ ಮೊದಲ ಕೇಳಿದ್ರ ಹಂಗ ಹೇಳ್ತಿದ್ನವಾ. ಈಗ ಹ್ಯಾಂಗ ಹೇಳ್ಲಿ?"

ಆರೋಪಿ ಬಿಡುಗಡೆಯಾದ. ಕಾಕಾ ಚಪ್ಪಲಿ ಮೆಟ್ಟಿಕೊಂಡು ಚಹಾ ಎಲ್ಲೈತಿ ಎಂದು ಕೇಳಿದರು.

"ಸತ್ಯವೇ ನಮ್ಮ ಗುರಿ" ಎಂದು ನಾವೇ ಬರೆಸಿದ ಫಲಕದ ಕೆಳಗೆ ಕುಳಿತು ಸಮಿತಿಯವರು ವರದಿ ಬರೆದರು: "ಕಟ್ಟಡ ಚೆನ್ನಾಗಿದೆ. ಸಾಕ್ಷಿಗೆ ತರಬೇತಿ ಸಾಲದು."